ಅಟ್ಟದಿಂದಿಳಿದ ಬೇತಾಳ

ಮಲೆನಾಡಿನಲ್ಲಿ ಪುಸ್ತಕ ಕೂಡಿಡುವವನಿಗೆ ಶತ್ರುಗಳು ಹಲವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಶಿರಸಿಯ ಸೀಮೆಯಲ್ಲಿ ಸುರಿಯುವ ಮಳೆಗೆ ಕಪಾಟಿನೊಳಗಿನ ರೇಷ್ಮೆ ಸೀರೆಯೇ ಬೂಷ್ಟು ಹಿಡಿಯುವಾಗ, ಅಗ್ಗದ ಕಾಗದದ ಮೇಲೆ ಅಚ್ಚಾದ ಹಳೆಯ ‘ಚಂದಮಾಮ’ಗಳು ಇಂದಿಗೂ ಉಳಿದುಕೊಂಡಿವೆಯೆಂದರೆ ಅದರ ಪುಣ್ಯವೆಲ್ಲ ಅಡುಗೆಮನೆಯ ಹೊಗೆಗೆ ಸಲ್ಲಬೇಕು. ಒಲೆಯ ನೇರಕ್ಕಿರುವ ಅಟ್ಟದಲ್ಲಿ, ಬೀಜಕ್ಕೆಂದು ತೂಗುಹಾಕಿದ ಮೊಗೆಕಾಯಿಗಳ ಮತ್ತು ತೂತುಬಿದ್ದ ಹಂಡೆಗಳ ಸಹವಾಸದಲ್ಲಿ ಅವು ದಶಕಗಳನ್ನು ಕಳೆದವು. ಒರಲೆ ಅತ್ತ ಸುಳಿಯಲಿಲ್ಲ. ಆದರೆ ಪ್ರತಿಯೊಂದು ಪುಟಕ್ಕೂ ಹೊಗೆಯ ವಾಸನೆ ಅಂಟಿಕೊಂಡಿತು. ಬೇಸಿಗೆ ರಜೆಗೆ ತಮ್ಮನೊಡನೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಮೊದಲ ಸಂಚಿಕೆಯನ್ನು ಮೂಗಿನ ಹತ್ತಿರ ಹಿಡಿದು, “ಅಜ್ಜ, ಇದು ಬಾರ್ಬೆಕ್ಯೂ ವಾಸನೆ” ಎಂದು ಘೋಷಿಸಿದಳು. ಹಾಗೆಂದರೇನೆಂದು ದೇವರ ಕೋಣೆಯಲ್ಲಿದ್ದ ಅವಳ ಅಜ್ಜಿಗೆ ತಿಳಿಯದಿದ್ದುದು ನಮ್ಮೆಲ್ಲರ ಭಾಗ್ಯ.

ವಾಸನೆ ಹೋಗಲೆಂದು ಪುಸ್ತಕಗಳನ್ನು ಅಂಗಳದ ಚಾಪೆಯ ಮೇಲೆ ಹರಡಿದೆವು. ಹಲಸಿನ ಹಪ್ಪಳದ ಕಾಲದಲ್ಲಿ ಅಂಗಳದ ಬಿಸಿಲಿನ ಒಡೆತನ ಯಾರದೆಂಬುದು ನಮ್ಮ ಕಡೆಯ ಗಂಡಸರಿಗೆಲ್ಲ ಗೊತ್ತಿರುವ ಸಂಗತಿ. “ಹಂಗಾರೆ ಹಪ್ಪಳ ಒಣಗ್ಸದು ಎಲ್ಲಿ?” ಎಂಬ ಪ್ರಶ್ನೆ ಒಳಗಿನಿಂದ ಬಂದ ಮೇಲೆ ಚಂದಮಾಮಗಳು ಅಂಗಳದ ಅಂಚಿಗೆ, ಅಂದರೆ ಕೊಟ್ಟಿಗೆಯ ಬದಿಗೆ ಸರಿದವು. ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶವಿರುವುದರಿಂದ ಬಿಸಿಲು ತಾಗಿದಷ್ಟೂ ಅದು ಹಳದಿಯಾಗುತ್ತದೆ, ನೆರಳಿನಲ್ಲಿ ಗಾಳಿಗೆ ಇಡಬೇಕು ಎಂದು ಮಗಳು ಫೋನಿನಲ್ಲಿ ವಿವರಿಸಿದಳು. ಆ ಹೊತ್ತಿಗಾಗಲೇ ಕಟ್ಟು ಬಿಚ್ಚಿಕೊಂಡ ಆಕಳ ಕರುವೊಂದು ಒಂದು ಸಂಚಿಕೆಯ ಒಂದಷ್ಟು ಹಾಳೆಗಳನ್ನು ಶಾಶ್ವತವಾಗಿ ನೆರಳಿಗೆ ಸೇರಿಸಿತ್ತು.

ಓದು ಆರಂಭವಾದದ್ದು ಮಾತ್ರ ಚಂದಮಾಮದಿಂದಲ್ಲ. ನಮ್ಮ ಜಿಲ್ಲೆಯವರ ಮೇಲಿನ ಅಭಿಮಾನದಿಂದ, ಅಂಕೋಲೆಯ ದಿನಕರ ದೇಸಾಯಿಯವರು ಮಕ್ಕಳಿಗಾಗಿ ಬರೆದ ಗಡಿಯಾರದ ಪದ್ಯವನ್ನು ಮೊದಲು ಓದಿಸಿದೆ. ಚುಟುಕದ ದೇಸಾಯಿಯವರೇ ಇದನ್ನೂ ಬರೆದವರೆಂಬ ನನ್ನ ಪೀಠಿಕೆಯಲ್ಲಿ ಮಕ್ಕಳಿಗೆ ಆಸಕ್ತಿಯಿರಲಿಲ್ಲ. ಗಡಿಯಾರ ಗಂಟೆ ಹೊಡೆಯುವುದೆಂದರೆ ಹೇಗೆ, ಅದರ ಬ್ಯಾಟರಿ ಎಲ್ಲಿ ಎಂಬುದರಲ್ಲಿತ್ತು. ಜಗುಲಿಯ ಗೋಡೆಯಲ್ಲಿ ಎಷ್ಟೋ ಕಾಲದಿಂದ ಮೌನವ್ರತ ಹಿಡಿದಿದ್ದ ಕೀಲಿ ಗಡಿಯಾರವನ್ನು ತೋರಿಸಿದೆ. ಮೊಮ್ಮಗ ಮಣೆಯ ಮೇಲೆ ಹತ್ತಿ, ಕೀಲಿ ಇನ್ನು ತಿರುಗದು ಎನ್ನುವವರೆಗೂ ತಿರುಗಿಸಿದ. ಆಗ ಏನೂ ಆಗಲಿಲ್ಲ. ಊರೆಲ್ಲ ಮಲಗಿದ ಮೇಲೆ ಅದು ಬಾಕಿ ಉಳಿದಿದ್ದ ಗಂಟೆಗಳನ್ನೆಲ್ಲ ಒಂದೇ ಸಮನೆ ಹೊಡೆಯತೊಡಗಿತು. ತೋಟಕ್ಕೆ ಹಂದಿ ನುಗ್ಗಿತೆಂದು ತಿಳಿದು ಬ್ಯಾಟರಿ ಹಿಡಿದು ಓಡಿಬಂದ ಪಕ್ಕದ ಮನೆಯವರಿಗೆ ನಡುರಾತ್ರಿಯಲ್ಲಿ ಶಿಶುಸಾಹಿತ್ಯದ ಮಹತ್ವವನ್ನು ವಿವರಿಸಬೇಕಾಯಿತು.

ಮರುದಿನ ಬೇತಾಳನ ಸರದಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿ, 1949ರಲ್ಲಿ ಕನ್ನಡಕ್ಕೂ ತಂದ ಚಂದಮಾಮ ಪತ್ರಿಕೆಯಲ್ಲಿ ನಮ್ಮ ತಲೆಮಾರಿನವರು ಮೊದಲು ಬಿಡಿಸುತ್ತಿದ್ದ ಪುಟ ಅದೇ. ಹೆಗಲಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನ, ಶಂಕರ್ ಬರೆದ ಆ ಚಿತ್ರವನ್ನು ನೋಡಿ ನಾವು ರಾತ್ರಿ ಬಚ್ಚಲಿಗೆ ಹೋಗಲು ಹೆದರುತ್ತಿದ್ದೆವು. ಮೊಮ್ಮಗ ಅದನ್ನು ಬಹಳ ಹೊತ್ತು ನೋಡಿ, ಇಷ್ಟು ಭಾರ ಹೊತ್ತರೆ ಬೆನ್ನು ನೋವು ಬರುತ್ತದೆ, ಎರಡೂ ಹೆಗಲಿಗೆ ಸಮನಾಗಿ ಹಾಕಿಕೊಳ್ಳಬೇಕಿತ್ತು ಎಂದ. ಶಾಲೆಯ ಚೀಲದ ಅನುಭವದಿಂದ ಬಂದ ಅಭಿಪ್ರಾಯವಾದ್ದರಿಂದ ನಾನು ವಿರೋಧಿಸಲಿಲ್ಲ.

ಕಥೆಯ ಕೊನೆಗೆ, ಮೂವರಲ್ಲಿ ಯಾರ ತ್ಯಾಗ ದೊಡ್ಡದೆಂದು ಬೇತಾಳ ಕೇಳಿತು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾದೀತೆಂದು ಎಚ್ಚರಿಸಿತು. ಪುಟ ತಿರುಗಿಸಿದರೆ ಹಿಂಬದಿಯ ರಟ್ಟು! ವಿಕ್ರಮನ ಉತ್ತರವನ್ನು ಕರು ತಿಂದಿತ್ತು. ಮಕ್ಕಳಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕನ್ನಡಕ ಒರೆಸಿಕೊಂಡೆ, ಕವಳದ ಬಟ್ಟಲಿಗೆ ಕೈಹಾಕಿದೆ, ಅಡಿಕೆ ಹೋಳನ್ನು ಆರಿಸಿದೆ. ಮೊಮ್ಮಗಳು ಸ್ವಲ್ಪ ಹೊತ್ತು ಕಾದು, ಶಾಂತವಾಗಿ, “ಅಜ್ಜ, ನೀನು ಸುಮ್ಮನಿದ್ದರೂ ನಿನ್ನ ತಲೆ ಸಿಡಿಯಲಿಲ್ಲ. ಅಂದರೆ ನಿನಗೆ ಉತ್ತರ ಗೊತ್ತಿಲ್ಲ” ಎಂದಳು. ಜೀವಮಾನವೆಲ್ಲ ತರ್ಕಬದ್ಧವಾಗಿ ಯೋಚಿಸಿರೆಂದು ಮಕ್ಕಳಿಗೆ ಬೋಧಿಸಿದ ಮಾಸ್ತರನಿಗೆ ಇದಕ್ಕೆ ಎದುರು ಹೇಳಲು ಏನೂ ತೋಚಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ರಾಜ ಮಾತನಾಡಿದರೆ ತಾನೆ ಬೇತಾಳ ಮರಕ್ಕೆ ಹಾರುವುದು, ಉತ್ತರವನ್ನು ವಾಟ್ಸ್‌ಆ್ಯಪ್ ಮಾಡಿದ್ದರೆ ಸಾಕಿತ್ತಲ್ಲ ಎಂದು ಮೊಮ್ಮಗ ಸೂಚಿಸಿದ. ಆ ಕಾಲದಲ್ಲಿ ಫೋನ್ ಇರಲಿಲ್ಲವೆಂದು ಅಕ್ಕ ಅವನನ್ನು ತಿದ್ದಿ, ಕತ್ತಿಯ ತುದಿಯಿಂದ ಮಣ್ಣಿನ ಮೇಲೆ ಬರೆಯಬಹುದಿತ್ತು ಎಂದಳು. ಮೂಲದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದೇ. ಅವು ತೀರಿದ ಮೇಲೂ ಚಂದಮಾಮದವರು ಅದೇ ಮರ, ಅದೇ ಹೆಣ, ಅದೇ ಮೌನಭಂಗವನ್ನು ಇಟ್ಟುಕೊಂಡು ದಶಕಗಟ್ಟಲೆ ಹೊಸ ಕಥೆ ಹೊಸೆದರು. ನಾನು ಒಂದೊಂದಕ್ಕೂ ತಿಂಗಳುಗಟ್ಟಲೆ ಕಾದೆ. ರಾಜನಿಗೆ ಬರವಣಿಗೆ ಬರುತ್ತದೆಂಬುದು ಅಷ್ಟು ಕಾಲದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ; ಹೊಳೆಯದಿದ್ದುದೇ ಒಳ್ಳೆಯದಾಯಿತೆಂದು ಈಗಲೂ ಅನ್ನಿಸುತ್ತದೆ.

ಮಕ್ಕಳು ನಿಜವಾಗಿ ಮನಸೋತದ್ದು ಕಥೆಗಳಿಗೂ ಅಲ್ಲ, ಎರಡು ಫೋಟೋಗಳಿಗೆ ಹೊಂದುವಂತೆ ಹೆಸರಿಟ್ಟು ಕಾರ್ಡಿನಲ್ಲಿ ಕಳಿಸಬೇಕಿದ್ದ ಸ್ಪರ್ಧೆಗೆ. ಒಂದರಲ್ಲಿ ನಿದ್ರಿಸುವ ಮಗು, ಇನ್ನೊಂದರಲ್ಲಿ ಓಡುವ ಹುಡುಗ. ‘ಚಾರ್ಜ್ ಆಗುತ್ತಿದೆ’, ‘ನೂರು ಪರ್ಸೆಂಟ್’ ಎಂದು ಇಬ್ಬರೂ ಕೂಡಿ ಬರೆದರು. ಕೊನೆಯ ದಿನಾಂಕ ಅವರ ಅಮ್ಮ ಹುಟ್ಟುವ ಮೊದಲೇ ಮುಗಿದಿದೆ, ಪತ್ರಿಕೆಯೂ ನಿಂತುಹೋಗಿದೆ ಎಂದು ಹೇಳಿ ನೋಡಿದೆ. ಅಷ್ಟರಲ್ಲಿ ಫಲಿತಾಂಶ ಪ್ರಕಟವಾಗಿದ್ದ ಸಂಚಿಕೆ ಅದೇ ಕಟ್ಟಿನಲ್ಲಿ ಸಿಕ್ಕಿತು. ಗೆದ್ದ ಹೆಸರುಗಳು ತಮ್ಮವುಗಳ ಮುಂದೆ ಏನೇನೂ ಅಲ್ಲವೆಂದು ಪರಿಶೀಲಿಸಿ ತೀರ್ಮಾನಿಸಿದ ಮೇಲೆ, ಎಸ್ಸೆಸ್ಸೆಲ್ಸಿಯವರಿಗೆ ಇರುವ ಸೌಲಭ್ಯ ಇವರಿಗೂ ಇರಬೇಕೆಂದು ಮೊಮ್ಮಗಳು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ನಿರ್ಧರಿಸಿದಳು. ನಿವೃತ್ತ ಮಾಸ್ತರನಾದ ಕಾರಣ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅದು ಸಿದ್ಧವಾಗಿದೆ. ವಿಳಾಸದಲ್ಲಿ ಪುಸ್ತಕದಲ್ಲಿರುವಂತೆ ಮದ್ರಾಸ್ ಎಂದು ಬರೆಯಬೇಕೋ, ಚೆನ್ನೈ ಎಂದೋ ಎಂಬ ಜಗಳ ಇತ್ಯರ್ಥವಾಗದಿರುವುದರಿಂದ ಅಂಚೆ ಪೆಟ್ಟಿಗೆಯನ್ನಿನ್ನೂ ತಲುಪಿಲ್ಲ.