ಮೂರನೇದು ಕೈಕೊಟ್ಟಾಗ

ಮಲೆನಾಡಲ್ಲಿ ಕಾರು ಕೆಟ್ಟರೆ ಮೆಕ್ಯಾನಿಕ್ ಬರೋ ಮೊದಲೇ ಕಾರಣ ಬಂದಿರುತ್ತದೆ. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟಿದ್ದೆವು. ಜಡಿಮಳೆ. ನಮ್ಮ ಹಳೇ ಪೆಟ್ರೋಲ್ ಕಾರು ಇದ್ದಕ್ಕಿದ್ದಂತೆ ಗಡಗಡ ನಡುಗಿತು. ಆಕ್ಸಿಲರೇಟರ್ ಒತ್ತಿದರೆ ಪಿಕಪ್ಪೇ ಇಲ್ಲ, ಇಂಜಿನ್ ದೀಪ ಬೇರೆ ಮಿಣಮಿಣ ಅಂತಿದೆ. ಹಿಂದೆ ಕೂತಿದ್ದ ಅತ್ತೆ "ದೃಷ್ಟಿ" ಅಂದರು. ಭಾವನ ಪ್ರಕಾರ ಪೆಟ್ರೋಲಿಗೆ ನೀರು ಸೇರಿದೆ. ಚಾ ಅಂಗಡಿ ಮುಂದೆ ನಿಂತಿದ್ದ ಹಿರಿಯರೊಬ್ಬರು ಬಾನೆಟ್ ಕೂಡ ತೆಗೆಸದೆ "ಕ್ಲಚ್ ಪ್ಲೇಟ್ ಹೋಗಿದೆ ಮಾರಾಯ್ರೆ" ಅಂತ ತೀರ್ಪು ಕೊಟ್ಟು ಬೀಡಿ ಹಚ್ಚಿದರು.

ಬೈಕಲ್ಲಿ ನೆನೆದುಕೊಂಡು ಬಂದ ಗ್ಯಾರೇಜ್ ಹುಡುಗನಿಗೆ ಮಾತು ಕಡಿಮೆ. ಸ್ಕ್ಯಾನರ್ ಚುಚ್ಚಿದ. ಕೋಡ್ ಬಂತು: ಪಿ0303. ಅಂದರೆ ಮೂರನೇ ಸಿಲಿಂಡರ್ ಮಿಸ್ಸಿಂಗ್, ಅದರಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ.

"ಹಂಗಾರೆ ಕಾಯಿಲ್ ಹಾಕ್ಬಿಡಪ್ಪ," ಅಂದ ಭಾವ. ಕಾಯಿಲ್ ಅಂದರೆ ಪ್ಲಗ್ಗಿಗೆ ಕಿಡಿ ಹಾರಿಸೋ ಕರೆಂಟ್ ಕೊಡೋ ಭಾಗ, ನಮ್ಮ ಕಾರಿನಲ್ಲಿ ಸಿಲಿಂಡರಿಗೊಂದು.

"ತಡೀರಿ ಸಾರ್, ಮೂರನೇದು ಉರೀತಿಲ್ಲ ಅಂತ ಮಾತ್ರ ಇದು ಹೇಳೋದು. ಯಾಕೆ ಅಂತ ಹೇಳಲ್ಲ."

ಕಿಡಿ ಹಾರಿಸೋ ಪ್ಲಗ್ ಇರಬಹುದು, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಇರಬಹುದು. ಅವನು ಮಾಡಿದ್ದು ಇಷ್ಟೇ: ಹತ್ತು ನಂಬರ್ ಸ್ಪ್ಯಾನರಿನಲ್ಲಿ ಬೋಲ್ಟ್ ಬಿಚ್ಚಿ, ಮೂರನೇ ಕಾಯಿಲನ್ನು ಒಂದಕ್ಕೆ, ಒಂದನೇದನ್ನು ಮೂರಕ್ಕೆ ಹಾಕಿದ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದರೆ ಈಗ ಪಿ0301! ತಾಪತ್ರಯ ಕಾಯಿಲ್ ಜೊತೆಗೇ ಹೊರಟಿತ್ತು. ಪ್ಲಗ್ಗೂ ಇಂಜೆಕ್ಟರೂ ಅಲ್ಲಿಗೆ ಬಚಾವ್. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆ ನನಗೆ ತುಂಬಾ ಹಿಡಿಸಿತು.

ಕಾಯಿಲ್ ಕೆಳಗಿನ ರಬ್ಬರ್ ತೋರಿಸಿದ. ಕೂದಲೆಳೆಯಷ್ಟು ಬಿರುಕು, ಅದರುದ್ದಕ್ಕೂ ಕಪ್ಪು ಗೆರೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಹತ್ತಿಪ್ಪತ್ತು ಸಾವಿರ ವೋಲ್ಟಿಗೂ ಮೇಲೆ ಏರಿಸುತ್ತದೆ. ಅಷ್ಟು ಜೋರಿನ ಕರೆಂಟಿಗೆ ಪ್ಲಗ್ಗಿನ ತುದಿಗೇ ಹೋಗಬೇಕು ಅಂತೇನೂ ಇಲ್ಲ, ಒದ್ದೆ ಬಿರುಕು ಸಿಕ್ಕರೆ ಅಲ್ಲಿಂದಲೇ ಇಂಜಿನ್ ಕಬ್ಬಿಣಕ್ಕೆ ಹಾರುತ್ತದೆ. ನಮ್ಮ ಕಡೆ ಮಳೆ ಗೊತ್ತಲ್ಲ, ಒದ್ದೆಗೇನು ಬರವೇ? "ದೀಪ ಮಿಣುಕ್ತಿದ್ರೆ ಓಡಿಸ್ಲೇಬೇಡಿ ಸಾರ್," ಅಂದ. ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿ ಹಿಡಿದು, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಅದು ಸುಟ್ಟರೆ ಕಾಯಿಲ್ ದುಡ್ಡು ಏನೇನೂ ಅಲ್ಲ.

ಹೊಸ ಕಾಯಿಲ್ ಶಿವಮೊಗ್ಗದಿಂದ ಬಸ್ಸಿನಲ್ಲಿ, ಯಾರದೋ ಅಡಿಕೆ ಮೂಟೆ ಪಕ್ಕ ಕೂತು ಬಂತು. ಕನೆಕ್ಟರ್ ಟಕ್ ಅಂತ ಕೂತಿತು, ನಡುಕ ನಿಂತಿತು.

ಆಮೇಲಿಂದ ಭಾವನನ್ನು ಹಿಡಿಯೋರಿಲ್ಲ. ಮೊನ್ನೆ ಪಕ್ಕದ ಮನೆಯವರ ಜೀಪು ಸ್ಟಾರ್ಟ್ ಆಗಲಿಲ್ಲ ಅಂದಾಗ ಪಂಚೆ ಎತ್ತಿ ಕಟ್ಟಿ ಹೋಗಿ "ಕಾಯಿಲ್ ಅದಲು ಬದಲು ಮಾಡಿ ನೋಡಿ" ಅಂತ ಗಂಭೀರವಾಗಿ ಹೇಳಿ ಬಂದಿದ್ದಾನೆ. ಅವರು ಪಾಪ, ಬಾನೆಟ್ ಎತ್ತಿಕೊಂಡು ಇನ್ನೂ ಹುಡುಕುತ್ತಿದ್ದರು. ಅದು ಡೀಸೆಲ್ ಗಾಡಿ, ಇಗ್ನಿಷನ್ ಕಾಯಿಲ್ಲೇ ಇರೋದಿಲ್ಲ.