ಅಣಬೆ ಬೇಯಿಸಿದ ನೀರನ್ನು ಚೆಲ್ಲಬೇಡಿ

ಚಿಪ್ಪಣಬೆಯ (ಆಯಿಸ್ಟರ್ ಅಣಬೆ) ಪಾಲಿಸ್ಯಾಕರೈಡುಗಳು, ಅಂದರೆ ಸಕ್ಕರೆಯ ಅಣುಗಳು ಸರಪಳಿಯಂತೆ ಸೇರಿ ಆದ ಪದಾರ್ಥಗಳು, ದೇಹದಲ್ಲಿ ಜೀವಕೋಶಗಳಿಗೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳನ್ನು ತಡೆಯುತ್ತವೆ ಎನ್ನುವ ಲೇಖನವೊಂದನ್ನು, ಮೂಡಿಗೆರೆಯಲ್ಲಿ ಭತ್ತದ ಹುಲ್ಲಿನ ಮೇಲೆ ಅದೇ ಅಣಬೆ ಬೆಳೆಯುವವನಾಗಿ ಬಹಳ ಆಸಕ್ತಿಯಿಂದ ಓದಿದೆ. ಕೆಲವು ವಿಷಯಗಳನ್ನು ಸೇರಿಸಬೇಕೆನಿಸಿತು.

ಪ್ರಯೋಗಾಲಯದಲ್ಲಿ ಒಣ ಅಣಬೆಯ ಪುಡಿಯನ್ನು ಬಿಸಿ ನೀರಿನಲ್ಲಿ ಗಂಟೆಗಟ್ಟಲೆ ಕಾಯಿಸಿ, ಸೋಸಿ, ಆ ರಸಕ್ಕೆ ಆಲ್ಕೋಹಾಲ್ ಬೆರೆಸಿದಾಗ ತಳಕ್ಕಿಳಿಯುವ ಗಸಿಯೇ ಈ ಪಾಲಿಸ್ಯಾಕರೈಡು. ಅದನ್ನು ಚೆನ್ನಾಗಿ ಶುದ್ಧಗೊಳಿಸದಿದ್ದರೆ ಪ್ರೋಟೀನ್ ಮತ್ತು ಫೀನಾಲಿಕ್ ಅಂಶಗಳೂ ಅಂಟಿಕೊಂಡಿರುತ್ತವೆ. ಫ್ರೀ ರ‍್ಯಾಡಿಕಲ್ ತಡೆಯುವ ಶಕ್ತಿಯನ್ನು ಅಳೆಯುವ ಡಿಪಿಪಿಎಚ್ ಪರೀಕ್ಷೆಯಲ್ಲಿ ದ್ರಾವಣದ ನೇರಳೆ ಬಣ್ಣ ಮಾಸುವುದರಲ್ಲಿ ಅವುಗಳ ಪಾಲೂ ಇರುವುದರಿಂದ, ಕೀರ್ತಿಯನ್ನೆಲ್ಲ ಅಣಬೆಯ ಮುಖ್ಯ ಪಾಲಿಸ್ಯಾಕರೈಡಾದ ಬೀಟಾ ಗ್ಲೂಕಾನಿಗೇ ಕೊಡುವುದು ಸರಿಯೆನಿಸುವುದಿಲ್ಲ. ಬೀಟಾ ಗ್ಲೂಕಾನನ್ನು ಅರಗಿಸುವ ಕಿಣ್ವವೂ ನಮ್ಮ ದೇಹದಲ್ಲಿಲ್ಲ. ಅದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಹಾಗಾಗಿ ಪರೀಕ್ಷಾ ನಳಿಕೆಯ ಫಲಿತಾಂಶವನ್ನು ರಕ್ತಕ್ಕೆ ನೇರವಾಗಿ ಅನ್ವಯಿಸಲಾಗದು. ಜಪಾನಿನಲ್ಲಿ 1980ರ ದಶಕದಲ್ಲಿ ಜಠರದ ಕ್ಯಾನ್ಸರಿಗೆ ಪೂರಕ ಔಷಧವಾಗಿ ಮನ್ನಣೆ ಪಡೆದ ಶಿಟಾಕೆ ಅಣಬೆಯ ಬೀಟಾ ಗ್ಲೂಕಾನ್ ಆದ ಲೆಂಟಿನಾನ್ ಕೂಡ ಚುಚ್ಚುಮದ್ದಿನ ರೂಪದ್ದಾಗಿತ್ತು, ತಿನ್ನುವಂಥದ್ದಲ್ಲ.

ಕೆಲವರು ಅಣಬೆಯನ್ನು ಅರಿಶಿನದ ನೀರಿನಲ್ಲಿ ಬೇಯಿಸಿ, ಬಸಿದು ಚೆಲ್ಲುತ್ತಾರೆ. ನೀರಿನಲ್ಲಿ ಕರಗುವ ಪಾಲಿಸ್ಯಾಕರೈಡುಗಳ ಒಂದಂಶವೂ, ಉತ್ತಮ ಆ್ಯಂಟಿಆಕ್ಸಿಡೆಂಟ್ (ಫ್ರೀ ರ‍್ಯಾಡಿಕಲ್ ತಡೆಯುವ ವಸ್ತು) ಆದ ಎರ್ಗೋಥಯನೀನಿನ ಸ್ವಲ್ಪ ಭಾಗವೂ ಅದರೊಂದಿಗೇ ಹೋಗುತ್ತವೆ. ಕಾಡಿನಿಂದ ತಂದ ಗುರುತಿಲ್ಲದ ಅಣಬೆಯನ್ನು ಹೇಗೆ ಬೇಯಿಸಿದರೂ ತಿನ್ನಬಾರದು; ಬೆಳೆಸಿದ ಚಿಪ್ಪಣಬೆಯ ನೀರನ್ನಂತೂ ದಯವಿಟ್ಟು ಸಾರಿಗೇ ಬಳಸಿ.