ತಾಲ್ಲೂಕಿಗೊಂದು ಪಿಎಚ್‌ಡಿ

ಸರ್ಕಾರ ಹೊಸ ತಾಲ್ಲೂಕು ಘೋಷಿಸಿದರೆ ಯಾರಿಗೆ ಜಾಸ್ತಿ ಲಾಭ? ಪಟಾಕಿ ಹೊಡೆದ ಹೋರಾಟ ಸಮಿತಿಯವರಿಗಂತೂ ಅಲ್ಲ. ಅವರಿಗೆ ಸಿಗುವುದು ಒಬ್ಬ ತಹಶೀಲ್ದಾರ್, ಒಂದು ಬಾಡಿಗೆ ಕಟ್ಟಡ, ಅದರ ಮೇಲೊಂದು ಬೋರ್ಡು. ಬಂಪರ್ ಹೊಡೆಯುವುದು ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಕ್ಕೆ. ಒಂದು ತಾಲ್ಲೂಕು ಸಿಕ್ಕರೆ ಸಾಕು, ಕಣ್ಣು ಮುಚ್ಚಿಕೊಂಡು ನಾಲ್ಕು ಪಿಎಚ್‌ಡಿ ತೆಗೆಯಬಹುದು. ಇಂಥ ತಾಲ್ಲೂಕಿನ ಶಾಸನಗಳು: ಒಂದು ಸಾಂಸ್ಕೃತಿಕ ಅಧ್ಯಯನ. ಇಂಥ ತಾಲ್ಲೂಕಿನ ದೇವಾಲಯಗಳು: ಒಂದು ಐತಿಹಾಸಿಕ ಅಧ್ಯಯನ. ಇಂಥ ತಾಲ್ಲೂಕಿನ ವೀರಗಲ್ಲು ಮತ್ತು ಮಾಸ್ತಿಕಲ್ಲುಗಳು: ಒಂದು ಸಮಗ್ರ ಅಧ್ಯಯನ. ಸ್ವಾತಂತ್ರ್ಯ ಚಳವಳಿಯಲ್ಲಿ ಇಂಥ ತಾಲ್ಲೂಕಿನ ಪಾತ್ರ: ಒಂದು ಅವಲೋಕನ.

2018ರ ಹೊತ್ತಿಗೆ ರಾಜ್ಯದಲ್ಲಿ ಒಂದೇ ಏಟಿಗೆ ಸುಮಾರು 50 ಹೊಸ ತಾಲ್ಲೂಕು ಹುಟ್ಟಿದವು. ತಲಾ ನಾಲ್ಕರಂತೆ 200 ಪ್ರಬಂಧ, ಲೆಕ್ಕ ನೀವೇ ನೋಡಿ. ನವಲಗುಂದದಿಂದ ಅಣ್ಣಿಗೇರಿ ಹೊರಬಂತು, ತರೀಕೆರೆಯಿಂದ ಅಜ್ಜಂಪುರ, ಹೊನ್ನಾಳಿಯಿಂದ ನ್ಯಾಮತಿ, ಕೊಳ್ಳೇಗಾಲದಿಂದ ಹನೂರು. ಹಳೇ ತಾಲ್ಲೂಕಿನ ಮೇಲೆ ಆಗಲೇ ಯಾರೋ ಪಿಎಚ್‌ಡಿ ಮಾಡಿ, ಮೇಷ್ಟ್ರಾಗಿ, ರಿಟೈರೂ ಆಗಿದ್ದರೆ ಚಿಂತೆ ಬೇಡ. ಅದೇ ಕಲ್ಲು, ಅದೇ ಗುಡಿ, ತಾಲ್ಲೂಕು ಮಾತ್ರ ಬೇರೆ. ವಿಷಯ ಹೊಸದಾಯ್ತಲ್ಲ!

ಈ ತಾಲ್ಲೂಕಿನ ಹುಚ್ಚು ಹತ್ತಿಸಿದ್ದು ಬ್ರಿಟಿಷರ ಕಾಲದ ಶಾಸನತಜ್ಞ ಬಿ.ಎಲ್. ರೈಸ್ ಅಂತ ಒಂದು ವಾದ ಇದೆ. ಪಾಪ, ಆತನ ತಪ್ಪೇನೂ ಇಲ್ಲ. 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನುವ ಶಾಸನ ಸಂಗ್ರಹದ 12 ಸಂಪುಟ ತಂದ ಮನುಷ್ಯ. ಜಿಲ್ಲೆವಾರು ಸಂಪುಟ, ತಾಲ್ಲೂಕುವಾರು ನಂಬರು. ತಾಳಗುಂದದ ಕಂಬದ ಶಾಸನ ಅಂದ್ರೆ ಶಿಕಾರಿಪುರ 176. ಕಲ್ಲು ಎಲ್ಲಿದೆ ಅಂತ ಹುಡುಕುವವರಿಗೆ ಅನುಕೂಲ ಆಗಲಿ ಅಂತ ಕೊಟ್ಟ ವಿಳಾಸ ಅದು. ನಾವು ವಿಳಾಸವನ್ನೇ ಇತಿಹಾಸ ಮಾಡಿಕೊಂಡು ಕೂತೆವು. ಕಲ್ಲು ಕೆತ್ತಿಸಿದವರಿಗೆ ಶಿಕಾರಿಪುರ ತಾಲ್ಲೂಕೂ ಗೊತ್ತಿರಲಿಲ್ಲ, ಸೊರಬ ತಾಲ್ಲೂಕೂ ಗೊತ್ತಿರಲಿಲ್ಲ. ಶಾಸನಗಳಲ್ಲಿ ಬರುವುದು ಸಂಖ್ಯೆ ಅಂಟಿಸಿಕೊಂಡ ಆಗಿನ ನಾಡುಗಳು: ಬನವಾಸಿ 12000, ನೊಳಂಬವಾಡಿ 32000, ಗಂಗವಾಡಿ 96000. ಹಾಗಾದ್ರೆ ಬನವಾಸಿ 12000ದ ಮೇಲೆ ಯಾಕೆ ಪ್ರಬಂಧ ಬರೆಯಬಾರದು ಅಂತೀರಾ? ಬರೆಯಬಹುದಿತ್ತು. ಆದರೆ ಆ ನಾಡು ಈಗಿನ ಶಿವಮೊಗ್ಗ, ಉತ್ತರ ಕನ್ನಡ, ಹಾವೇರಿ ಜಿಲ್ಲೆಗಳ ಮೇಲೆ ಹರಡಿಕೊಂಡಿದೆ. ಶಿವಮೊಗ್ಗ ಕುವೆಂಪು ವಿಶ್ವವಿದ್ಯಾಲಯದ್ದು, ಉತ್ತರ ಕನ್ನಡ ಧಾರವಾಡದ್ದು, ಹಾವೇರಿಗೆ ತನ್ನದೇ ಒಂದು. ಬೇರೆ ವಿವಿಯ ಗಡಿಯೊಳಗೆ ಕಾಲಿಡೋದು ಅಂದ್ರೆ ಗೈಡ್ ಸರ್‌ಗಳಿಗೆ ಪಕ್ಕದ ರಾಜ್ಯದ ಮೇಲೆ ದಂಡೆತ್ತಿ ಹೋದಷ್ಟು ಸಂಕೋಚ.

ಹಾವೇರಿಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. 2023ರಲ್ಲಿ ಒಂದಷ್ಟು ಜಿಲ್ಲೆಗಳಿಗೆ ತಲಾ 2 ಕೋಟಿ ಕೈಗಿಟ್ಟು ಹೊಸ ವಿಶ್ವವಿದ್ಯಾಲಯ ಶುರು ಮಾಡಿದರು. 2 ಕೋಟಿ! ಬೆಂಗಳೂರಲ್ಲಿ ಒಂದು ಒಳ್ಳೆಯ ಫ್ಲ್ಯಾಟ್‌ಗೂ ಚೌಕಾಸಿ ಮಾಡಬೇಕು. 2025ರ ಫೆಬ್ರವರಿಗೆ ಸಂಪುಟ ಉಪಸಮಿತಿ ಕೂತು, ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಮಾತಾಡಿತು. ಹಾವೇರಿಯೂ ಆ ಪಟ್ಟಿಯಲ್ಲಿತ್ತು. ಉದಯ ಮತ್ತು ಪತನಕ್ಕೆ ಕಾರಣಗಳನ್ನು ವಿವರಿಸಿ, ಹತ್ತು ಅಂಕ. ಇತಿಹಾಸ ವಿದ್ಯಾರ್ಥಿಗಳಿಗೆ ಇಷ್ಟು ಹತ್ತಿರದಿಂದ ನೋಡೋಕೆ ಸಿಕ್ಕ ರಾಜವಂಶ ಇನ್ನೊಂದಿಲ್ಲ.

ಇರಲಿ, ಪ್ರಬಂಧಕ್ಕೆ ಬರೋಣ. ಕಾರ್ಖಾನೆಯ ಅಚ್ಚು ಸಿದ್ಧವಾಗಿದೆ. ಮೊದಲನೇ ಅಧ್ಯಾಯ ಪೀಠಿಕೆ, ಅದರಲ್ಲಿ ಅಧ್ಯಯನದ ಉದ್ದೇಶ, ವ್ಯಾಪ್ತಿ, ಮಹತ್ವ. ಎರಡನೇದು ಭೌಗೋಳಿಕ ಹಿನ್ನೆಲೆ. ಅಕ್ಷಾಂಶ, ರೇಖಾಂಶ, ಸರಾಸರಿ ಮಳೆ, ಕೆಂಪು ಮಣ್ಣು, ರಾಗಿ, ಜೋಳ. ಜನಸಂಖ್ಯೆ 2011ರ ಜನಗಣತಿ ಪ್ರಕಾರ. 2011ರಲ್ಲಿ ಆ ತಾಲ್ಲೂಕೇ ಇರಲಿಲ್ಲವಲ್ಲ ಅಂತ ಕೇಳಬೇಡಿ. ಹಳೇ ತಾಲ್ಲೂಕಿನ ಅಂಕಿ ಇದ್ದೇ ಇದೆ, ಹಾಕಿದರಾಯ್ತು. ಮೂರನೇದು ರಾಜಕೀಯ ಇತಿಹಾಸ. ಮೌರ್ಯರಿಂದ ಹಿಡಿದು ಶಾತವಾಹನರು, ಕದಂಬರು, ಗಂಗರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರ, ಕೊನೆಗೆ ಮೈಸೂರು ಒಡೆಯರು. ಎಲ್ಲರೂ ಆ ತಾಲ್ಲೂಕಿಗೆ ಬಂದು ಹೋಗಲೇಬೇಕು, ಪಾಪ, ಇಷ್ಟ ಇರಲಿ ಬಿಡಲಿ. ಈ ಅಧ್ಯಾಯ ಹೊಸದಾಗಿ ಬರೆಯುವ ವಸ್ತುವೇ ಅಲ್ಲ. ಅದು ಪೆನ್‌ಡ್ರೈವ್‌ನಲ್ಲಿ ಸೀನಿಯರ್‌ನಿಂದ ಜೂನಿಯರ್‌ಗೆ ಬರುತ್ತದೆ. ಊರ ಹೆಸರು ಬದಲಿಸಲು ‘ಫೈಂಡ್ ಅಂಡ್ ರಿಪ್ಲೇಸ್’ ಇದೆ.

ಇದರಲ್ಲಿ ಅಪಾಯ ಇಲ್ಲದಿಲ್ಲ. ಉದಾಹರಣೆಗೆ ಹನೂರು ತಗೊಳ್ಳಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೊಳ್ಳೇಗಾಲದ ಸೀಮೆ ಇಂಗ್ಲಿಷರ ಪಾಲಾಗಿ, 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿನ ಹತ್ತೊಂಬತ್ತನೇ ಶತಮಾನ ಬರೆಯಬೇಕಾದರೆ ಮದ್ರಾಸಿನ ಕಂದಾಯ ದಾಖಲೆ ನೋಡಬೇಕು, ತಮಿಳು ಒಂಚೂರಾದರೂ ಬರಬೇಕು. ಪೆನ್‌ಡ್ರೈವ್‌ಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಅದು ನಿಷ್ಠೆಯಿಂದ ದಿವಾನ್ ಪೂರ್ಣಯ್ಯನವರನ್ನೂ ಶೇಷಾದ್ರಿ ಅಯ್ಯರ್ ಅವರನ್ನೂ ಹನೂರಿಗೆ ತಂದು ನಿಲ್ಲಿಸಿ ಆಡಳಿತ ಸುಧಾರಣೆ ಮಾಡಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಹಿಂದಿನ ಚಿತ್ರಪುಟಗಳು. ವೀರಗಲ್ಲು ನೋಡಿದ್ದೀರಲ್ಲ, ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಎರಡು ಪಟ್ಟಿಗಳ ನಡುವಿನ ಅಡ್ಡ ಸಾಲಿನಲ್ಲಿ ಅಕ್ಷರ. ಯಾರು ಸತ್ತ, ಯಾಕೆ ಸತ್ತ, ಯಾರ ದನ ಬಿಡಿಸೋಕೆ ಹೋಗಿದ್ದ, ಎಲ್ಲ ಅಲ್ಲಿರುತ್ತದೆ. ನಮ್ಮ ಸಂಶೋಧಕರ ಫೋಟೋದಲ್ಲಿ ಸರಿಯಾಗಿ ಅದೇ ಸಾಲಿನ ಮುಂದೆ ಇಸ್ತ್ರಿ ಪ್ಯಾಂಟಿನ ಒಂದು ಕಾಲು. ಕೆಳಗೆ ಶೀರ್ಷಿಕೆ: ‘ಕ್ಷೇತ್ರಕಾರ್ಯದಲ್ಲಿ ಸಂಶೋಧಕರು’. ಕಾಲು ಸರಿಸಿ ಸ್ವಾಮಿ ಅಂತ ಹೇಳೋಣ ಅಂದ್ರೆ, ಸರಿಸಿದರೂ ಓದುವವರು ಯಾರು? ಶಾಸನಶಾಸ್ತ್ರ ಅನ್ನುವುದು ಎಂ.ಎ.ಯಲ್ಲಿ ಒಂದು ಸೆಮಿಸ್ಟರಿನ ಪೇಪರು, ಅದೂ ಎಷ್ಟೋ ಕಡೆ ಬೇಕಾದರೆ ತಗೊಳ್ಳಿ ಅನ್ನುವ ಪೇಪರು. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆಯೋದನ್ನು ಕೈಯಾರೆ ಮಾಡದೆಯೇ ‘ಶಾಸನಗಳು: ಒಂದು ಅಧ್ಯಯನ’ ಮುಗಿಸಿಬಿಡಬಹುದು. ಕಡತಗಳ ಕತೆ ಇನ್ನೂ ಚೆಂದ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಬರೆದಿಟ್ಟ ಹಳೇ ಲೆಕ್ಕಪತ್ರ ನಮ್ಮ ಮಠಗಳಲ್ಲಿದೆ. ಉತ್ತರ ಕರ್ನಾಟಕದ ಕಡೆ ಮರಾಠಿಯ ಹಳೇ ಕೂಡುಬರಹವಾದ ಮೋಡಿ ಲಿಪಿಯ ದಾಖಲೆ, ಆದಿಲಶಾಹಿ ಕಾಲದ್ದು ಪಾರ್ಸಿ. ಮೋಡಿ, ಪಾರ್ಸಿ ಕಲಿಸುವ ಇತಿಹಾಸ ವಿಭಾಗವನ್ನು ದೀಪ ಹಚ್ಚಿ ಹುಡುಕಬೇಕು. ಅದಕ್ಕೇ ಎಲ್ಲರೂ ಇನ್ನೊಬ್ಬರು ಓದಿ ಅಚ್ಚು ಹಾಕಿಸಿದ್ದನ್ನು ಓದಿ ಬರೆಯುತ್ತಾರೆ. ಆ ಇನ್ನೊಬ್ಬರೂ ಬಹಳಷ್ಟು ಸಲ ರೈಸ್ ಸಾಹೇಬರೇ.

ಅತ್ತ 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಎಂಟನೇ ಶತಮಾನದ್ದು, ಗಂಗರ ಶ್ರೀಪುರುಷನ ಕಾಲದ್ದು. ಕಿತ್ತಯ್ಯ ಅನ್ನುವ ವೀರನ ಕಲ್ಲು. ಅದನ್ನು ಕಾಪಾಡಿ ಮಂಟಪ ಕಟ್ಟಿಸಲು ಓಡಾಡಿದವರಲ್ಲಿ ಮುಂದೆ ಇದ್ದದ್ದು ಎಂಜಿನಿಯರುಗಳು, ಊರಿನ ಆಸಕ್ತರು. ಆಮೇಲೆ ಬೆಂಗಳೂರಿನ ಮಿಥಿಕ್ ಸೊಸೈಟಿಯ ಕಡೆಯಿಂದ ಶಾಸನಗಳ ತ್ರೀಡಿ ಸ್ಕ್ಯಾನಿಂಗ್ ಕೂಡ ನಡೆಯಿತು. ಇವರಿಗೆ ಗೈಡ್ ಇಲ್ಲ, ಕೋರ್ಸ್ ವರ್ಕ್ ಇಲ್ಲ, ಕಲೋಕ್ವಿಯಂ ಇಲ್ಲ. ಸುಮ್ನೆ ಹೋಗಿ ಕಲ್ಲು ಓದಿಬಿಟ್ಟರು. ಇಂಥ ಅಶಿಸ್ತನ್ನು ವಿವಿಗಳಿಗೆಲ್ಲ ನಿಯಮ ಹಾಕುವ ಯುಜಿಸಿ ಹೇಗೆ ಸಹಿಸುತ್ತದೋ!

ಯುಜಿಸಿ ಅಂದಾಗ ಕೃತಿಚೌರ್ಯ ತಪಾಸಣೆಯ ಮಾತಾಡಲೇಬೇಕು. 2018ರ ನಿಯಮ ಕಟ್ಟುನಿಟ್ಟು. ಶೇ 10ರವರೆಗೆ ಹೋಲಿಕೆ ಇದ್ದರೆ ಪರವಾಗಿಲ್ಲ, 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಕೇಳೋಕೆ ಭಯ ಆಗುತ್ತೆ ಅಲ್ವಾ? ಹೆದರಬೇಡಿ, ನಮ್ಮ ಕೈಯಲ್ಲಿ ‘ನುಡಿ’ ತಂತ್ರಾಂಶದ ಹಳೇ ಫಾಂಟು ಇದೆ. ‘ಕನ್ನಡ’ ಅಂತ ಅದರಲ್ಲಿ ಟೈಪ್ ಮಾಡಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. ಒಂದು ದೊಡ್ಡ ಪಿ, ತಲೆ ಮೇಲೆ ಗೀಟು ಹೊತ್ತ ಎ, ಇಂಗ್ಲೆಂಡಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಂದು ಗೀಟಿನ ಎ. ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ಓದುವುದು ಇದನ್ನೇ. ಮುನ್ನೂರು ಪುಟ ಪೌಂಡು, ಪಿ, ಕ್ಯೂ. ಇಂಥದ್ದನ್ನು ಪ್ರಪಂಚದಲ್ಲಿ ಬೇರೆ ಯಾರೂ ಬರೆದಿಲ್ಲ ಅಂತ ಅದು ಹೇಳಿದರೆ ಸುಳ್ಳೇನಲ್ಲ. ಸ್ವಂತಿಕೆ ನೂರಕ್ಕೆ ನೂರು. ಸರ್ಟಿಫಿಕೇಟಿಗೆ ಲೈಬ್ರರಿಯಿಂದ ಸೀಲು ಬೀಳುತ್ತದೆ. ಅದೇ ಪ್ರಬಂಧ ಆಮೇಲೆ ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣಕ್ಕೆ ಏರುತ್ತದೆ, ಏರಿ ಅಲ್ಲಿ ಮುಳುಗುತ್ತದೆ. ‘ಹೊಯ್ಸಳ’ ಅಂತ ಎಷ್ಟು ಹುಡುಕಿದರೂ ಅದರ ಒಳಗಿನ ಒಂದು ಸಾಲೂ ಸಿಗುವುದಿಲ್ಲ, ಯಾಕಂದ್ರೆ ಅಲ್ಲಿರುವುದು ಹೊಯ್ಸಳರಲ್ಲ, ಪೌಂಡು. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಬಂದು ಎಷ್ಟು ವರ್ಷವಾಯ್ತು ಅಂತ ಡಿಟಿಪಿ ಅಂಗಡಿಯವನನ್ನು ಕೇಳಿದರೆ, ‘ಸರ್, ಯೂನಿವರ್ಸಿಟಿಯವ್ರು ನುಡೀಲೇ ಕೇಳ್ತಾರೆ’ ಅಂತಾನೆ.

ಲೇಖನ ಪ್ರಕಟಿಸುವ ಹರಸಾಹಸವೂ ಒಂದಿತ್ತು. ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಲೇಖನ ಬರಲೇಬೇಕು ಅಂತ ನಿಯಮ. ನಿಯಮ ಬಂದದ್ದೇ ತಡ, ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ‘ಅಂತಾರಾಷ್ಟ್ರೀಯ’ ಪತ್ರಿಕೆಗಳು ಎದ್ದು ನಿಂತವು. 2018ರಲ್ಲಿ ಯುಜಿಸಿ ತಾನೇ ಒಪ್ಪಿದ್ದ ಜರ್ನಲ್‌ಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಕೇರ್ ಪಟ್ಟಿ ಅಂತ ಹೊಸದು ತಂದಿತು. 2022ರಲ್ಲಿ ಲೇಖನ ಕಡ್ಡಾಯ ಅಲ್ಲ ಅಂದಿತು, 2025ರಲ್ಲಿ ಕೇರ್ ಪಟ್ಟಿಯೂ ಬೇಡ ಅಂದಿತು. ದುಡ್ಡು ಕಟ್ಟಿದವರು ಕಟ್ಟಿದರು.

ಇನ್ನು ವೈವಾ, ಅಂದ್ರೆ ಮೌಖಿಕ ಪರೀಕ್ಷೆ. ನಾನು ಹೋಗಿದ್ದ ಒಂದರಲ್ಲಿ, ವಿವಿಯ ಹೆಸರು ಬೇಡ, ಹೊರಗಿನಿಂದ ಬಂದ ಪರೀಕ್ಷಕರು ದಪ್ಪ ರೆಕ್ಸಿನ್ ಬೈಂಡಿನ ಪ್ರಬಂಧವನ್ನು ಕೈಯಲ್ಲಿ ತೂಗಿ ನೋಡಿ, ‘ಒಳ್ಳೇ ಶ್ರಮ ಹಾಕಿದೀರಮ್ಮ, ಕಾಗುಣಿತ ಒಂಚೂರು ನೋಡ್ಕೊಳಿ’ ಅಂದರು. ಗೈಡ್ ಸರ್ ‘ಅವರು ಎರಡು ಮಕ್ಕಳನ್ನ ಸಾಕ್ಕೊಂಡು ಇದೆಲ್ಲ ಮಾಡಿದ್ದಾರೆ ಸಾರ್’ ಅಂತ ಸೇರಿಸಿದರು. ಸಭಿಕರಲ್ಲಿ ಯಾರಾದರೂ ಪ್ರಶ್ನೆ ಕೇಳಬಹುದು ಅಂತ ಮೂರು ಸಲ ಹೇಳಿದರು. ಯಾರೂ ಕೇಳಲಿಲ್ಲ, ಹೊರಗೆ ಒಬ್ಬಟ್ಟಿನ ವಾಸನೆ ಬರುತ್ತಿತ್ತು. ಆ ಹೆಣ್ಣುಮಗಳು ಶ್ರಮ ಹಾಕಿದ್ದು ಮಾತ್ರ ನಿಜ. ಬಸ್ಸಿಲ್ಲದ ಊರುಗಳಿಗೆಲ್ಲ ಹೋಗಿ ಬಂದಿದ್ದರು. ಆ ಓಡಾಟದ ಬಗ್ಗೆ ಒಂದಾದರೂ ಪ್ರಶ್ನೆ ಬಂದಿದ್ದರೆ ಅವರೇ ಖುಷಿಯಿಂದ ಅರ್ಧ ಗಂಟೆ ಮಾತಾಡುತ್ತಿದ್ದರೋ ಏನೋ. ಬರಲಿಲ್ಲ. ಪೇಟ, ಶಾಲು, ಹಣ್ಣಿನ ಬುಟ್ಟಿ, ಊಟ. ಮರುದಿನ ಪೇಪರಿನ ಜಿಲ್ಲಾ ಪುಟದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ, ‘ಪಿಎಚ್‌ಡಿ ಪದವಿ’ ಅಂತ ತಲೆಬರಹ.

ಬಿ.ಎ. ಹುಡುಗರ ಪಾಡು ಕೇಳಬೇಡಿ. 2021ರಲ್ಲಿ ದೇಶದಲ್ಲೇ ಮೊದಲು ನಾವೇ ಅಂತ ಹೊಸ ಶಿಕ್ಷಣ ನೀತಿ ತಂದು, ಪದವಿಯನ್ನು ನಾಲ್ಕು ವರ್ಷಕ್ಕೆ ಎಳೆದರು. 2023ರಲ್ಲಿ ಸರ್ಕಾರ ಬದಲಾಯ್ತು, 2024ರಲ್ಲಿ ಮತ್ತೆ ಮೂರು ವರ್ಷ. ನಡುವೆ ‘ಮಲ್ಟಿಪಲ್ ಎಕ್ಸಿಟ್’ ಅಂತ ಒಂದಿತ್ತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ. ಇದನ್ನು ಹೊಸ ಐಡಿಯಾ ಅಂತ ಮಾರಿದರು. ತಾಳಗುಂದದ ಆ 176ನೇ ನಂಬರಿನ ಕಂಬವನ್ನೇ ಓದಿದ್ದರೆ ಗೊತ್ತಾಗುತ್ತಿತ್ತು. ಮಯೂರಶರ್ಮ ಕಂಚಿಯ ಘಟಿಕೆಗೆ, ಅಂದ್ರೆ ಆಗಿನ ವಿದ್ಯಾಕೇಂದ್ರಕ್ಕೆ, ವೇದ ಓದೋಕೆ ಹೋಗಿ, ಪಲ್ಲವರ ಕುದುರೆ ಸವಾರನ ಜತೆ ಜಗಳ ಆಗಿ, ಓದು ಅಲ್ಲಿಗೇ ಬಿಟ್ಟು ಬಂದು ಕದಂಬ ರಾಜ್ಯ ಕಟ್ಟಿದ. ಎಕ್ಸಿಟ್ ಅಂದ್ರೆ ಅದು.

ಎಂ.ಎ. ಇತಿಹಾಸಕ್ಕೆ ಸೇರುವವರಲ್ಲಿ ಅರ್ಧಕ್ಕರ್ಧ ಜನ ಹಾಸ್ಟೆಲ್‌ಗೆ ಸೇರುವವರು. ತಮಾಷೆಗೆ ಹೇಳ್ತಿಲ್ಲ, ಬುದ್ಧಿವಂತರು ಅವರೇ. ಎರಡು ವರ್ಷ ಊಟ, ಕರೆಂಟು, ಲೈಬ್ರರಿಯಲ್ಲಿ ಕುರ್ಚಿ. ಕೆಎಎಸ್, ಪಿಡಿಒ, ಎಫ್‌ಡಿಎ ಯಾವುದಕ್ಕೆ ಕೂತರೂ ಇತಿಹಾಸ ಬೇಕು. ಹಾಗಾಗಿ ಕದಂಬರ ಲಾಂಛನ ಸಿಂಹ, ಹಲ್ಮಿಡಿ ಶಾಸನ ಸುಮಾರು 450, ಮಸ್ಕಿ ಶಾಸನ ಸಿಕ್ಕಿದ್ದು 1915, ಇದಿಷ್ಟು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾರೆ. ಹಲ್ಮಿಡಿಯ ಕಲ್ಲಿನಲ್ಲಿ ಬರೆದಿರೋದೇನು ಅಂತ ಕೇಳಿದರೆ, ‘ಅದು ಸಿಲಬಸ್‌ನಲ್ಲಿಲ್ಲ ಸಾರ್’. ಒಂದು ಅಂಕದ ಪ್ರಶ್ನೆಗೆ ಅದು ಬೇಕಾಗಿಯೂ ಇಲ್ಲ, ಹುಡುಗರನ್ನು ಬೈದು ಏನು ಬಂತು.

ಪಿಎಚ್‌ಡಿ ಮುಗಿಸಿದವರು ಎಲ್ಲಿಗೆ ಹೋಗುತ್ತಾರೆ? ಬಹಳಷ್ಟು ಜನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗುತ್ತಾರೆ. ರಾಜ್ಯದಲ್ಲಿ ಇಂಥ ಅತಿಥಿಗಳು 10 ಸಾವಿರಕ್ಕೂ ಜಾಸ್ತಿ. ಹತ್ತು ಹದಿನೈದು ವರ್ಷ ಆದರೂ ಅತಿಥಿಯೇ, ಮನೆಯವರಾಗುವ ಹಾಗಿಲ್ಲ. 2023ರ ಕೊನೆಯಲ್ಲಿ ಖಾಯಂ ಮಾಡಿ ಅಂತ ವಾರಗಟ್ಟಲೆ ಧರಣಿ ಕೂತರು. ಗೌರವಧನ ಒಂದಿಷ್ಟು ಏರಿತು, ಖಾಯಂ ಆಗಲಿಲ್ಲ. ಈಗಲೂ ಕೆಲಸ ಬೇಕು ಅಂದ್ರೆ ಆನ್‌ಲೈನ್ ಅರ್ಜಿ ಹಾಕಬೇಕು. ಅದರಲ್ಲಿ ಪಿಎಚ್‌ಡಿ ಆಗಿದೆಯಾ ಅಂತ ಕೇಳುತ್ತಾರೆ, ಸರ್ಟಿಫಿಕೇಟಿನ ಸ್ಕ್ಯಾನ್ ಕಾಪಿ ಕೇಳುತ್ತಾರೆ. ಪ್ರಬಂಧ ಮಾತ್ರ ಕೇಳುವುದಿಲ್ಲ. ಕೇಳಿದರೂ ಆ ಫಾಂಟು ಅವರ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಬೇಕಲ್ಲ.